ಸ್ನೇಹಿತೆಯಾಗಿ ಒಳಗೆ ಹೋದವರು

ಕತ್ರಿಗುಪ್ಪೆಯ ನಮ್ಮ ಬೀದಿಯಲ್ಲಿ ತೆರೆದ ಬಾಗಿಲನ್ನೂ ತಟ್ಟಿ ಒಳಗೆ ಬರುತ್ತಿದ್ದವರು ನನ್ನ ಮನೆಯೊಡತಿ ಆಂಟಿ ಮಾತ್ರ. ತಮ್ಮದೇ ಅಡುಗೆಮನೆಯಲ್ಲಿ ತಮ್ಮ ಅಕ್ಕ ಇದ್ದರೆ ಅಲ್ಲಿಯೂ ಚೌಕಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ಬಡಿದೇ ಕಾಲಿಡುತ್ತಿದ್ದರು.

"ನಿನ್ನ ಮನೇಗೆ ನೀನೇ ಕಳ್ಳಿ ಥರ ಬರ್ತೀಯಲ್ಲೇ" ಎಂದು ಅಕ್ಕ ಹಂಗಿಸುತ್ತಿದ್ದರು.

"ಕಳ್ಳಿ ಎಲ್ಲಾದ್ರೂ ಬಾಗಿಲು ತಟ್ತಾಳಾ ಅಕ್ಕ? ತಟ್ಟದೇ ನುಗ್ಗೋರ ಜೊತೆ ಇಡೀ ಸರ್ವೀಸ್ ಕಳೆದಿದ್ದೀನಿ. ಅದು ಬೇಡ ಅನ್ನಿಸಿದೆ, ಅಷ್ಟೇ."

ಅವರು ಇಲ್ಲವಾದ ಮೇಲೆ ಇದು ಎರಡನೆಯ ಬೇಸಿಗೆ. ಕೆಳಗಿನ ಮನೆಯಲ್ಲಿ ಈಗ ಅವರ ಅಕ್ಕ ಇದ್ದಾರೆ, ಆಮ್ಲಜನಕದ ಯಂತ್ರ ಇದೆ, ಯಂತ್ರದ ಉಸಿರಿನ ಸದ್ದು ಇದೆ. ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ನಾನು ಇದ್ದೇನೆ. ನನ್ನ ಜೊತೆ ವಾದಿಸುವವರು ಮಾತ್ರ ಇಲ್ಲ. ನನ್ನ ಬರಹವನ್ನು ಮೆಚ್ಚುವವರು ಈ ನಗರದಲ್ಲಿ ಒಂದಷ್ಟು ಮಂದಿ ಸಿಕ್ಕಾರು. ಅದು ಎಲ್ಲಿ ಸಡಿಲವಾಗಿದೆಯೋ ಅಲ್ಲಿಗೇ ಬೆರಳಿಟ್ಟು, ಬೆರಳನ್ನು ತೆಗೆಯದೆ ಕೂರುವವರು ಮತ್ತೆ ಸಿಕ್ಕಿಲ್ಲ.

ಅವರು ಕತ್ರಿಗುಪ್ಪೆ ಇನ್ನೂ ಹಳ್ಳಿಯಾಗಿದ್ದ ಕಾಲದ ಮನೆತನದವರು. ಅಪ್ಪ ರಾಗಿ, ಅವರೆ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಬಟ್ಟೆ ಅಂಗಡಿಯೂ ದಂತವೈದ್ಯರ ಕ್ಲಿನಿಕ್ಕೂ ನಿಂತಿವೆ. ಆ ಮನೆಯಿಂದ ಪರೀಕ್ಷೆ ಬರೆದು ಸರ್ಕಾರಿ ನೌಕರಿ ಸೇರಿದ ಮೊದಲ ಹೆಣ್ಣುಮಗಳು ಅವರು. ಸಚಿವಾಲಯದಲ್ಲಿ ಮೇಲಿನ ಹುದ್ದೆಯವರೆಗೂ ಏರಿದರು. ಅವರ ಮೇಜಿಗೆ ಬಹುಕಾಲ ಬರುತ್ತಿದ್ದುದು ಮುನ್ನೆಚ್ಚರಿಕೆಯ ಬಂಧನದ ಕಡತಗಳು. ಮಾಡಿದ ತಪ್ಪಿಗಲ್ಲದೆ, ಮುಂದೆ ಮಾಡಬಹುದಾದ ತಪ್ಪಿಗಾಗಿ ಒಬ್ಬರನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಅವಕಾಶ ಕೊಡುವ ಕಾನೂನು ಅದು. ಆದೇಶದ ಕರಡನ್ನು ಅವರು ಸಿದ್ಧಪಡಿಸುತ್ತಿದ್ದರು, ಸಹಿ ಮೇಲಿನವರದು.

"ನಮ್ಮಪ್ಪನ ಹೊಲ ತಗೊಳ್ಳೋ ಮುಂಚೆ ಸರ್ಕಾರ ನೋಟಿಸ್ ಕೊಟ್ಟಿತ್ತು" ಎನ್ನುತ್ತಿದ್ದರು. "ಆಕ್ಷೇಪಣೆ ಇದ್ರೆ ಹೇಳಪ್ಪಾ ಅಂತ ಕರೆದಿತ್ತು. ಕೇಳಿದ್ರೋ ಬಿಟ್ರೋ ಬೇರೆ ಮಾತು. ಮಣ್ಣಿಗೆ ಕೊಟ್ಟಷ್ಟು ಮರ್ಯಾದೆ ಮನುಷ್ಯನಿಗೆ ಕೊಡೋಕೆ ನಮ್ಮ ಕಡತದಲ್ಲಿ ಜಾಗ ಇರ್ಲಿಲ್ಲ."

ಇಷ್ಟು ಕೇಳಿದವರು ಅವರನ್ನು ನನ್ನ ಪಕ್ಷದವರೆಂದು ತಿಳಿದಾರು. ನಾನೂ ಹಾಗೇ ತಿಳಿದಿದ್ದೆ. ಕಾನೂನು ಓದಲು ಬಂದು ಮೇಲಿನ ಕೋಣೆ ಹಿಡಿದ ವರ್ಷ, ಅವರೆಕಾಯಿ ಸುಲಿಯುತ್ತ ಕೂತಿದ್ದ ಒಂದು ಸಂಜೆ ಹುರುಪಿನಿಂದ ಅಂದೆ: "ಈ ಕಾನೂನನ್ನ ಬುಡಸಮೇತ ಕಿತ್ತು ಹಾಕ್ಬೇಕು ಆಂಟಿ."

"ಕಿತ್ತು ಹಾಕು. ನಾಳೆ ಮಾರ್ಕೆಟ್ಟಲ್ಲಿ ಏನೋ ಆಗುತ್ತೆ ಅಂತ ನಿಂಗೆ ಇವತ್ತು ಸುಳಿವು ಸಿಕ್ಕಿದೆ. ಕೋರ್ಟಿಗೆ ಕೊಡೋ ಅಂಥ ಸಾಕ್ಷಿ ಇಲ್ಲ. ಏನ್ ಮಾಡ್ತೀಯಾ?"

"ತನಿಖೆ ಮಾಡ್ತೀನಿ. ಕಣ್ಣಿಡ್ತೀನಿ."

"ನಾಳೆ ಬೆಳಗ್ಗೆ ಒಳಗೆ ತನಿಖೆ ಮುಗಿಯುತ್ತಾ? ಸೊಪ್ಪು ಮಾರೋ ಹೆಂಗಸು ಸತ್ತ ಮೇಲೆ ಅವಳ ಮಕ್ಕಳಿಗೆ ಕಣ್ಣಿಟ್ಟಿದ್ದೆ ಅಂತ ಹೇಳ್ತೀಯಾ?"

"ನೀವು ಹಿಡಿದು ಹಾಕಿದವನು ಅವನೇ ಅಲ್ಲ ಅಂತಾದ್ರೆ?"

ಅವರ ಬೆರಳು ಸಿಪ್ಪೆಯ ಮೇಲೇ ನಿಂತಿತು. "ಆಗ ಅವನ ಮುಂದೆ ನಿಂತು ಉತ್ತರ ಕೊಡೋಕೆ ಒಬ್ಬರು ಇರ್ಬೇಕು. ಇರಲ್ಲ. ಅದೇ ನನ್ನ ಕಷ್ಟ."

ತಾವು ಸಿದ್ಧಪಡಿಸಿದ ಒಂದು ಆದೇಶದಿಂದ ಒಂದು ಊರು ಹಬ್ಬದ ವಾರ ಉರಿಯದೆ ಉಳಿಯಿತೆಂದು ಅವರು ಕೊನೆಯವರೆಗೂ ನಂಬಿದ್ದರು. ಅದನ್ನು ಹೇಳಲು ನಾಚಿಕೊಳ್ಳುತ್ತಿರಲಿಲ್ಲ. ಅದೇ ಉಸಿರಿಗೆ ಇನ್ನೊಂದನ್ನೂ ಹೇಳುತ್ತಿದ್ದರು. ಬಿಡುಗಡೆಯಾದ ಒಬ್ಬಾತ ಕಚೇರಿಯವರೆಗೂ ಬಂದು, ಅವರ ಮೇಜಿನ ಮುಂದೆ ನಿಂತು, "ನನ್ನನ್ನ ಯಾಕೆ ಹಿಡಿದಿದ್ರಿ ಅಂತ ಒಬ್ಬರಾದ್ರೂ ಹೇಳಿ ಮೇಡಂ" ಎಂದಿದ್ದ. ಅವನ ಬಗ್ಗೆ ಬಂದಿದ್ದ ಮಾಹಿತಿ ಸುಳ್ಳೆಂದು ಅಷ್ಟರಲ್ಲಿ ಗೊತ್ತಾಗಿತ್ತು. ಅವರು ತಲೆ ತಗ್ಗಿಸಿ, "ಸಾಹೇಬ್ರು ಊಟಕ್ಕೆ ಹೋಗಿದ್ದಾರೆ" ಎಂದರಂತೆ.

"ಸಾಹೇಬ್ರು ಒಳಗೇ ಇದ್ರು ಕಣೇ. ಮೊಸರನ್ನ ತಿಂತಿದ್ರು. ಅವನಿಗೂ ಕಾಣ್ತಿತ್ತು."

ಎರಡು ಕತೆಗಳಲ್ಲಿ ಯಾವುದನ್ನೂ ಇನ್ನೊಂದರಿಂದ ಅವರು ಒರೆಸಿಹಾಕಲಿಲ್ಲ. ನನಗೆ ಅದು ಆಗ ಅಂಜುಬುರುಕುತನವಾಗಿ ಕಾಣುತ್ತಿತ್ತು. ಒಂದು ಕಡೆ ನಿಲ್ಲಿ ಎಂದು ಒತ್ತಾಯಿಸುತ್ತಿದ್ದೆ. "ನಿಂತೇ ಇದ್ದೀನಲ್ಲ, ಎರಡೂ ಕಾಲು ನೋಯ್ತಿದೆ" ಎಂದು ನಗುತ್ತಿದ್ದರು.

ಇಂಥವರ ಮನೆಯೊಳಕ್ಕೇ ಆ ಪ್ರಶ್ನೆ ಬಂದು ಕೂತದ್ದು ಒಂದು ಸಂಜೆ. ವಿದ್ಯುತ್ ಉಪಕೇಂದ್ರದ ಗುತ್ತಿಗೆ ಕೆಲಸಗಾರರು ಮುಷ್ಕರ ಹೂಡಿದ್ದರು. ದೀಪ ಹಚ್ಚುವ ಹೊತ್ತಿಗೆ ಕತ್ರಿಗುಪ್ಪೆ, ಅದರಾಚೆ ಕುಮಾರಸ್ವಾಮಿ ಲೇಔಟಿನ ಒಂದು ಭಾಗ, ಒಟ್ಟಿಗೇ ಕತ್ತಲಾದವು. ಶ್ವಾಸಕೋಶದ ಕಾಯಿಲೆಯ ಅಕ್ಕ ಉಸಿರಾಡುತ್ತಿದ್ದುದು ಯಂತ್ರದಿಂದ. ಯುಪಿಎಸ್ ಸ್ವಲ್ಪ ಹೊತ್ತು ಕೂಗಿ ಸುಮ್ಮನಾಯಿತು. ಅಕ್ಕನ ತುಟಿ ನೀಲಿಗಟ್ಟಿತು. ಇವರು ಅಕ್ಕನ ಬೆನ್ನಿಗೆ ಎದೆಕೊಟ್ಟು ಕೂತು, "ಉಸಿರು ಎಳ್ಕೋ ಅಕ್ಕ, ನನ್ನ ಜೊತೆ ಎಳ್ಕೋ" ಎನ್ನುತ್ತಿದ್ದರು. ನಾನು ಎದುರು ಮನೆಯವರ ಸ್ಕೂಟರಿನಲ್ಲಿ ಹೋಗಿ ನರ್ಸಿಂಗ್ ಹೋಮಿನಿಂದ ಸಿಲಿಂಡರ್ ತಂದೆ. ಅಕ್ಕ ಉಳಿದರು, ಇನ್ನು ಸ್ವಲ್ಪ ತಡವಾಗಿದ್ದರೂ ಉಳಿಯುತ್ತಿರಲಿಲ್ಲ.

ಬೇಕೆಂದೇ ವಿದ್ಯುತ್ ಕಡಿತ ಮಾಡಿದನೆಂದು ಪೊಲೀಸರು ಒಬ್ಬನನ್ನು ಹಿಡಿದರು. ಕೊಪ್ಪಳದ ಕಡೆಯ ಯುವಕ, ಅದೇ ಉಪಕೇಂದ್ರದ ಗುತ್ತಿಗೆ ಕೆಲಸಗಾರ; ಬಿಟಿಎಂ ಲೇಔಟಿನಲ್ಲಿ ಊರಿನ ಗೆಳೆಯರ ಜೊತೆ ಒಂದು ರೂಮಿನಲ್ಲಿ ಬಾಡಿಗೆಗಿದ್ದವನು. ನ್ಯಾಯಾಲಯ ಅವನಿಗೆ ಜಾಮೀನು ಕೊಟ್ಟಿತು. ಅವನು ಜೈಲಿನ ಬಾಗಿಲು ದಾಟುವ ಮೊದಲೇ ಇನ್ನೊಂದು ಆದೇಶ ಬಂತು: ಜನಜೀವನಕ್ಕೆ ಅಗತ್ಯವಾದ ಸೇವೆಗೆ ಇವನಿಂದ ಅಪಾಯವಿದೆ, ದೇಶದ ಭದ್ರತೆಯ ಕಾನೂನಿನಡಿ ಒಳಗಿರಲಿ. ಒಂದು ಆದೇಶ ಒಂದು ವರ್ಷದವರೆಗೆ ನಡೆಯುತ್ತದೆ; ಮುಗಿದ ಮೇಲೆ ಹೊಸದೊಂದು ಹುಟ್ಟಬಹುದು. ಕೊನೆಯ ದಿನ ಯಾವುದೆಂದು ಒಳಗಿರುವವನಿಗೆ ಹೇಳಬಲ್ಲವರು ಯಾರೂ ಇಲ್ಲ.

ಬೀದಿಗೆ ಸಮಾಧಾನವಾಯಿತು. "ಕೊಳೀಲಿ ಅಲ್ಲೇ" ಎಂದರು ಅಕ್ಕ.

ನಾನು ಆಗಷ್ಟೇ ವಕೀಲಳಾಗಿ ನೋಂದಾಯಿಸಿಕೊಂಡು ಹಿರಿಯರೊಬ್ಬರ ಕಚೇರಿ ಸೇರಿದ್ದೆ. ಅಲ್ಲಿಗೆ ಆ ಯುವಕನ ತಾಯಿ ಬಂದರು. "ಜಾಮೀನು ಸಿಕ್ಕೈತಿ ಅಂದ್ರಲ್ರಿ, ಮತ್ತ್ಯಾಕ ಬಿಡವಲ್ರು?" ಅವರಿಗೆ ನಾವು ವಿವರಿಸಿದೆವು: ಈ ಆದೇಶವನ್ನು ಸಲಹಾ ಮಂಡಳಿಯೊಂದು ಪರಿಶೀಲಿಸುತ್ತದೆ. ಸಾಕಷ್ಟು ಕಾರಣವಿಲ್ಲವೆಂದು ಮಂಡಳಿ ಹೇಳಿದರೆ ಸರ್ಕಾರ ಬಿಡಲೇಬೇಕು. ಆದರೆ ಅಲ್ಲಿಗೆ ವಕೀಲರಿಗೆ ಪ್ರವೇಶವಿಲ್ಲ. ಬಂಧಿತ ಕೇಳಿಕೊಂಡರೆ, ವಕೀಲರಲ್ಲದ ಒಬ್ಬ ಸ್ನೇಹಿತರು ಜೊತೆಗೆ ಬರಬಹುದು.

ಪ್ರಾಣದಷ್ಟೇ ದೊಡ್ಡದಾದ ಸ್ವಾತಂತ್ರ್ಯವನ್ನು ಕಳೆದುಕೊಂಡವನಿಗೆ ಈ ಗಣರಾಜ್ಯ ಕೊಡುವುದು ಒಬ್ಬ ಸ್ನೇಹಿತನನ್ನು. ಅದನ್ನೂ ಅವನೇ ಹುಡುಕಿಕೊಳ್ಳಬೇಕು.

ಅವನು ಮೊದಲು ಹೇಳಿದ್ದು ನನ್ನ ಹೆಸರನ್ನು. ತಾಯಿಯ ಜೊತೆ ಒಮ್ಮೆ ಜೈಲಿಗೆ ಹೋಗಿ ಅವನನ್ನು ನೋಡಿ ಬಂದಿದ್ದೆ. ವಕೀಲಳಾದ ನನಗೆ ಆಗದು. ಅವನ ಗೆಳೆಯರೆಲ್ಲ ಮುಷ್ಕರದವರು. ಮಂಡಳಿಯ ಮುಂದೆ ಹೋದರೆ ತಮ್ಮ ಮೇಲೂ ಆದೇಶ ಬಂದೀತೆಂದು ಫೋನು ತೆಗೆಯುತ್ತಿರಲಿಲ್ಲ. ತಾಯಿಗೆ ನೀವೇ ಹೋಗಬಹುದೆಂದರೆ ಅವರು ನಂಬಲೇ ಇಲ್ಲ. "ನಾ ಹಡದಾಕಿ, ಗೆಳತಿ ಹೆಂಗ ಆಗ್ತೀನ್ರಿ?" ಆಗಬಹುದೆಂದು ಒಪ್ಪಿಸಿದ ಮೇಲೆ, "ನಾ ಒಳಗ ಹೋದ್ರ ಅಳೂದ ಆಗ್ತೈತಿ, ಮಾತ ಆಗೂದಿಲ್ಲ" ಎಂದು ಸೆರಗನ್ನು ಬಾಯಿಗೊತ್ತಿದರು.

ಸಂಜೆ ಇದನ್ನೆಲ್ಲ ಕೆಳಗಿನ ಮನೆಯಲ್ಲಿ ಹೇಳಿದೆ. ಹೇಳುತ್ತಿರುವುದು ಯಾರ ಮನೆಯಲ್ಲಿ ಎಂಬ ಎಚ್ಚರವಿತ್ತು, ಆದರೂ ಹೇಳಿದೆ.

"ಕರಿ ಕೋಟು ಹಾಕ್ಕೊಂಡು ಕೆಟ್ಟೆ ನೋಡು ನೀನು" ಎಂದರು ಆಂಟಿ. ಲೋಟ ಕೆಳಗಿಟ್ಟರು. "ನಾನು ಹೋಗ್ತೀನಿ."

ಪಕ್ಕದ ಮಂಚದಿಂದ ಅಕ್ಕ ಮೂಗಿನ ನಳಿಗೆ ಸರಿಪಡಿಸಿಕೊಳ್ಳುತ್ತ ಎದ್ದು ಕೂತರು. "ನನ್ನ ಉಸಿರು ನಿಲ್ಲಿಸಿದವನಿಗೆ ನೀನು ಫ್ರೆಂಡಾ?"

"ಅವನೇ ನಿಲ್ಲಿಸಿದ್ದು ಅಂತ ಯಾರು ಹೇಳಿದ್ರು?"

"ಪೇಪರ್‌ನಲ್ಲಿ ಬಂದಿತ್ತಲ್ಲ."

"ಪೇಪರ್‌ನೋರಿಗೆ ಪೊಲೀಸ್ರು ಹೇಳಿದ್ರು. ಪೊಲೀಸ್ರಿಗೆ ಯಾರೋ ಹೇಳಿದ್ರು. ಅವನನ್ನ ಕೇಳಿದವರು ಯಾರು?"

ಅಕ್ಕ ಮಂಚದಿಂದ ಕೈಚಾಚಿ ತಂಗಿಯ ಮಣಿಕಟ್ಟು ಹಿಡಿದರು. ಆಮೇಲೆ ಅಂದರು: "ಹಾಗಾದ್ರೆ ನೀನು ಕೇಳು. ನಾನೇ ಅವನೆದುರು ಕೂತಿದ್ದೀನಿ ಅಂದ್ಕೊಂಡು ಕೇಳು. ಕೇಳದೇ ಮನೆಗೆ ಬರಬೇಡ."

ಮಂಡಳಿಯ ದಿನ ನೇರವಾಗಿ ಹೋಗಿ ನಿಂತರೆ ಸಾಕಿತ್ತು. ಆಂಟಿ ಒಪ್ಪಲಿಲ್ಲ. ಎಷ್ಟು ದಿನದ ಸ್ನೇಹ ಎಂದು ಅಲ್ಲಿ ಕೇಳಿದರೆ ಸುಳ್ಳು ಹೇಳಲಾರೆ, ಮೊದಲು ಸ್ನೇಹಿತೆ ಆಗಬೇಕು ಎಂದರು. ಅನುಮತಿ ಪಡೆದು, ಅವನ ತಾಯಿಯ ಜೊತೆ, ಬಿಟ್ಟಷ್ಟು ಸಲವೂ ಜೈಲಿಗೆ ಹೋಗಿ ಬಂದರು. ಮೊದಲ ಭೇಟಿಯನ್ನು ತಾಯಿ ನನಗೆ ಹೇಳಿದ್ದು ಹೀಗೆ. ಜಾಲರಿಯ ಈಚೆ ನಿಂತು ಇವರು, "ನಿನ್ನಂಥೋರನ್ನ ಒಳಗಿಡೋ ಆದೇಶ ನಾನೇ ಬರೀತಿದ್ದೆ ಕಣಪ್ಪ. ಆವತ್ತು ಕರೆಂಟ್ ಹೋದಾಗ ನಮ್ಮಕ್ಕ ಸಾಯೋ ಹಾಗಾಗಿದ್ಲು. ಇಷ್ಟು ಕೇಳಿದ ಮೇಲೂ ನಾನು ನಿಂಗೆ ಬೇಕಾ?" ಎಂದರಂತೆ. ಅವನು ತಲೆ ಎತ್ತದೆಯೇ, "ಅಕ್ಕಾರು ಈಗ ಆರಾಮ ಅದಾರೇನ್ರಿ?" ಎಂದನಂತೆ.

ಎರಡನೆಯ ಭೇಟಿಯಲ್ಲಿ ತಾಯಿಯನ್ನು ದೂರ ನಿಲ್ಲಿಸಿ ಅಕ್ಕನ ಪ್ರಶ್ನೆ ಕೇಳಿದರು. ಮನೆಗೆ ಬಂದಾಗ ಅಕ್ಕ ಕಾದಿದ್ದರು.

"ಕೇಳಿದ್ಯಾ?"

"ಕೇಳಿದೆ."

"ಏನಂದ?"

"ಅವನೇ ಬಂದು ಹೇಳ್ತಾನಂತೆ. ಅವನ ಮಾತನ್ನ ನಾನು ಹೊತ್ಕೊಂಡು ಬರೋದಲ್ಲ."

"ಬರೋದು ಯಾವತ್ತು?"

"ಅದನ್ನ ಕೇಳೋಕೇ ತಾನೇ ಮಂಡಳಿಗೆ ಹೋಗ್ತಿರೋದು."

ಬೇರೆಲ್ಲವನ್ನೂ ಬಾಯ್ತುಂಬ ಹೇಳುತ್ತಿದ್ದರು. ಅವನು ಹಾಡಿದರೆ ವಾರ್ಡನ್‌ಗಳೂ ನಗುತ್ತಾರಂತೆ. ಊರಿನಲ್ಲಿ ಕುರಿ ಕಾಯುವಾಗ ಬಾವಿಗೆ ಬಿದ್ದಿದ್ದನಂತೆ. "ಮುದ್ದೆ ಅಗಿದು ತಿಂತಾನಂತೆ ಕಣೇ, ಅಗಿದು! ಇಂಥವನಿಗೆ ಸ್ನೇಹಿತೆ ಆಗ್ಬೇಕಲ್ಲ ನನ್ನ ಗ್ರಹಚಾರ" ಎಂದು ಹಣೆ ಚಚ್ಚಿಕೊಂಡಾಗ, ಅಷ್ಟು ಮುನಿದಿದ್ದ ಅಕ್ಕನೂ ಯಂತ್ರದ ನಳಿಗೆಯ ಹಿಂದೆ ನಕ್ಕುಬಿಟ್ಟರು.

ಮಂಡಳಿಯ ದಿನ ನಾನು ಕರಿ ಕೋಟಿನಲ್ಲಿ, ಅವನ ತಾಯಿ ಇಳಕಲ್ ಸೀರೆಯಲ್ಲಿ, ಹೊರಗಿನ ಬೆಂಚಿನ ಮೇಲೆ ಕೂತೆವು. ಆಂಟಿ ಮುಚ್ಚಿದ ಬಾಗಿಲ ಹಿಂದೆ ಹೋದರು. ಹೊರಗೆ ಬಂದಾಗ ಮುಖ ಬಿಳಿಚಿತ್ತು.

"ಏನಾಯ್ತು ಆಂಟಿ?"

"ಒಳಗಿಂದು ಹೊರಗೆ ಹೇಳೋ ಹಾಗಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಒಬ್ಬನ ಬದುಕನ್ನು ಗುಟ್ಟಿನಲ್ಲಿ ತೀರ್ಮಾನಿಸುವ ಕೋಣೆಯ ಗುಟ್ಟನ್ನು ನೀವೂ ಕಾಯುತ್ತೀರಾ ಎಂದು ಬಸ್ ಸ್ಟಾಪಿನಲ್ಲೇ ಜಗಳ ತೆಗೆದೆ. ಕೊನೆಗೆ, ಮಂಡಳಿಯವರು ಕೇಳಿದ್ದನ್ನು ಬಿಟ್ಟು ತಾವು ಹೇಳಿದ್ದನ್ನಷ್ಟೇ ಹೇಳಲು ಒಪ್ಪಿದರು.

"ಇವನು ಹೊರಗೆ ಬಂದ್ರೆ ಅಪಾಯ ಇಲ್ಲ ಅಂತ ಖಾತ್ರಿ ಕೊಡೋಕಾಗಲ್ಲ ಅಂದೆ."

"ಆಂಟಿ! ನೀವು ಅವನ ಕಡೆಯವರಾಗಿ ಹೋಗಿದ್ದು!"

"ಪೂರ್ತಿ ಕೇಳು. ಇವನ ಬಗ್ಗೆ ಅಲ್ಲ, ಯಾರ ಬಗ್ಗೇನೂ ಕೊಡೋಕಾಗಲ್ಲ ಅಂದೆ. ಮಾಡಿದ್ದೇನಿದ್ರೂ ತೆರೆದ ಕೋರ್ಟಲ್ಲಿ ಕೇಳಿ, ಮಾಡಿದ್ರೆ ಅಲ್ಲಿ ಶಿಕ್ಷೆ ಕೊಡಿ, ಇಲ್ಲಾ ಬಿಡಿ. ಕತ್ತಲಲ್ಲಿ ಸಾಯ್ತಿದ್ದೋಳು ನನ್ನಕ್ಕ, ಅವಳ ಪರವಾಗೇ ಇದನ್ನ ಕೇಳ್ತಿದ್ದೀನಿ ಅಂದೆ. ಸಾಲದಾ?"

ಸಾಲಲಿಲ್ಲ. ಬಂಧನಕ್ಕೆ ಸಾಕಷ್ಟು ಕಾರಣವಿದೆಯೆಂದು ಮಂಡಳಿ ಅಭಿಪ್ರಾಯ ಕೊಟ್ಟಿತು. ಹೈಕೋರ್ಟಿನಲ್ಲಿ ನಾವು ಹಾಕಿದ ಅರ್ಜಿ ಸರದಿಗೆ ಕಾಯುತ್ತಲೇ ಇತ್ತು. ಅವನು ನಿರ್ದೋಷಿ ಎಂದು ನೀವು ಎದೆ ತಟ್ಟಿ ಹೇಳಬೇಕಿತ್ತು ಎಂದು ನಾನು ಕೆಣಕಿದಾಗಲೆಲ್ಲ ಅವರು ಒಂದೇ ಮಾತು ಹೇಳುತ್ತಿದ್ದರು: "ನಿರ್ದೋಷಿಗಳಿಗೆ ಮಾತ್ರ ನ್ಯಾಯ ಬೇಕು ಅನ್ನೋದಾದ್ರೆ ನಿನಗೂ ನಮ್ಮ ಸಾಹೇಬ್ರಿಗೂ ಏನು ವ್ಯತ್ಯಾಸ?" ಆ ಮಾತನ್ನು ನಾನು ಚಮತ್ಕಾರವೆಂದು ತಳ್ಳಿಹಾಕಿದ್ದೆ.

ಭೇಟಿಗಳನ್ನು ಅವರು ನಿಲ್ಲಿಸಲಿಲ್ಲ. ಮಂಡಳಿ ಮುಗಿಯಿತಲ್ಲ, ಇನ್ನೇಕೆ ಎಂದರೆ, "ಸ್ನೇಹಕ್ಕೆ ಮಂಡಳಿ ಅಪ್ಪಣೆ ಬೇಕೇನೇ?" ಎನ್ನುತ್ತಿದ್ದರು. ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಹಾಲು ಕಾಯಿಸಲು ಎದ್ದವರು ಹಾಗೇ ಕುರ್ಚಿಗೆ ಒರಗಿದರು, ಅಷ್ಟೇ. "ಮೆಷಿನ್ ಹಾಕ್ಕೊಂಡೋಳು ನಾನು, ಹೋದೋಳು ಅವಳು" ಎಂದು ಅಕ್ಕ ಬಂದವರಿಗೆಲ್ಲ ಹೇಳಿದರು, ಯಾರದೋ ತಪ್ಪನ್ನು ತೋರಿಸಿಕೊಡುವವರ ಹಾಗೆ. ಜೈಲಿಗೆ ಸುದ್ದಿ ಮುಟ್ಟಿಸಿದ್ದು ಅವನ ತಾಯಿ.

ವರ್ಷ ತುಂಬುವಾಗ ಹೊಸ ಆದೇಶ ಬಂದೀತೆಂದು ಹೆದರಿದ್ದೆವು. ಬರಲಿಲ್ಲ. ಏಕೆ ಬಂದಿತ್ತೆಂದು ಹೇಳದವರು ಏಕೆ ಬರಲಿಲ್ಲವೆಂದೂ ಹೇಳಲಿಲ್ಲ. ಅವನು ಹೊರಗೆ ಬಂದ. ಬಂದವನು ಊರಿಗೆ ಹೋಗುವ ಮೊದಲು ತಾಯಿಯ ಜೊತೆ ಕತ್ರಿಗುಪ್ಪೆಗೆ ಬಂದ.

ನಾನು ಅವನನ್ನು ಒಳಗೆ ಕರೆದೆ. ಅಕ್ಕ ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ಕಾಫಿ ಬಂತು. ಯಾರೂ ಮುಟ್ಟಲಿಲ್ಲ.

"ನೀನೇನಪ್ಪ ಕರೆಂಟ್ ತೆಗೆದಿದ್ದು?"

"ಹೇಳಬೇಡ" ಎಂದೆ ನಾನು. "ಕ್ರಿಮಿನಲ್ ಕೇಸಿನ ವಿಚಾರಣೆ ಇನ್ನೂ ಶುರುವಾಗಿಲ್ಲ." ಅಕ್ಕನ ಕಡೆ ತಿರುಗಿದೆ. "ದೊಡ್ಡಮ್ಮ, ಅವನನ್ನ ಕೇಳಬೇಡಿ."

ಅವನು ನನ್ನ ಕಡೆ ನೋಡಲಿಲ್ಲ. "ಹೌದ್ರಿ, ನಾನ ತಗದಿದ್ದು. ಒಂದ ತಾಸು ಕತ್ತಲಾದ್ರ ಸಾಹೇಬ್ರು ಮಾತಿಗೆ ಬರ್ತಾರ ಅನ್ಕೊಂಡಿದ್ದೆ. ದವಾಖಾನಿ ಲೈನ್ ಬಿಟ್ಟು ತಗದೆ. ಮನ್ಯಾಗ ಮಷಿನ್ ಇಟ್ಕೊಂಡ ಮಂದಿ ಇರ್ತಾರ ಅಂತ ನನ್ನ ತಲಿಗೆ ಹೊಳೀಲಿಲ್ರಿ. ತಪ್ಪಾತು."

ನಾನು ಎಷ್ಟೋ ಸಂಜೆ ಯಾರ ನಿರ್ದೋಷವನ್ನು ಎದೆ ತಟ್ಟಿ ಹೇಳಬೇಕಿತ್ತೆಂದು ವಾದಿಸಿದ್ದೆನೋ ಅವನು ನನ್ನ ಕಣ್ಣ ಮುಂದೆ ಕೂತಿದ್ದ. ಎಲ್ಲ ಗೊತ್ತಿದ್ದೂ ಆಂಟಿ ಮಂಡಳಿಯ ಬಾಗಿಲೊಳಗೆ ಹೋಗಿದ್ದರು. ಸುಳ್ಳನ್ನೂ ಹೇಳದೆ, ಅವನನ್ನೂ ಬಿಟ್ಟುಕೊಡದೆ ಹೊರಗೆ ಬಂದಿದ್ದರು.

ಅಕ್ಕ ಮಂಚದ ಅಂಚಿಗೆ ಸರಿದರು. "ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ ನೀನು?"

"ಯಾರೂ ಕೇಳ್ಲಿಲ್ರಿ. ಮುಂದ ಏನ್ ಮಾಡಬಹುದು ಅಂತ ಎಲ್ಲಾರೂ ನನಗ ಹೇಳಿದ್ರು. ಏನ್ ಮಾಡಿದಿ ಅಂತ ಕೇಳಿದವ್ರು ನಿಮ್ಮ ತಂಗಿ ಒಬ್ರ."

ಕರೆಂಟ್ ತೆಗೆದದ್ದು ತಾನೇ ಎಂದು ಅವನು ಮುಂದೆ ತೆರೆದ ನ್ಯಾಯಾಲಯದಲ್ಲಿ ಹೇಳಿ ತಪ್ಪು ಒಪ್ಪಿಕೊಂಡ. ಆದ್ದರಿಂದಲೇ ಇಲ್ಲಿ ಬರೆಯುತ್ತಿದ್ದೇನೆ. ನ್ಯಾಯಾಧೀಶರು ಕೊಟ್ಟ ಶಿಕ್ಷೆ, ಅವನು ಅದಾಗಲೇ ಸೆರೆಯಲ್ಲಿ ಕಳೆದ ಕಾಲಕ್ಕಿಂತ ಕಡಿಮೆಯಿತ್ತು. ಹೆಚ್ಚಿಗೆ ಕಳೆದ ತಿಂಗಳುಗಳಿಗೆ ಉತ್ತರ ಕೊಡಬೇಕಾದವರು ಯಾರು? ಕರಡು ಬರೆದವರೇ, ಸಹಿ ಹಾಕಿದವರೇ, ಕಾರಣ ಸಾಕು ಎಂದವರೇ, ಸಮಾಧಾನಪಟ್ಟ ಬೀದಿಯವರೇ? ದೇಶದ ಭದ್ರತೆ ನನಗೂ ಬೇಕು. ಆ ಕತ್ತಲಲ್ಲಿ ಸಿಲಿಂಡರ್ ಹೊತ್ತವಳು ನಾನು. ಆದರೆ ಭದ್ರತೆಯ ಹೆಸರಿನಲ್ಲಿ ಒಬ್ಬನ ಬದುಕನ್ನು ತೆಗೆದುಕೊಂಡವರು, ಬಿಡುವ ದಿನ ಅವನ ಮುಂದೆ ನಿಂತು ಕಾರಣ ಹೇಳಲಿ. ಊಟಕ್ಕೆ ಹೋಗಿದ್ದಾರೆ ಎಂಬ ಉತ್ತರ ಇನ್ನು ಸಲ್ಲದು.

ತೀರ್ಪಿನ ದಿನ ಮನೆಗೆ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವರು ತಂಗಿ ಕೂರುತ್ತಿದ್ದ ಎದುರಿನ ಕುರ್ಚಿಯ ಕಡೆ ನೋಡಿದರು.

"ದಿನಾ ನನ್ನ ಮುಂದೇನೇ ಕೂತು ಅನ್ನ ತಿಂದ್ಲು" ಎಂದರು. "ಎಲ್ಲಾ ಗೊತ್ತಿಟ್ಕೊಂಡು ಒಂದು ಮಾತು ಬಿಡ್ಲಿಲ್ಲ ನೋಡು. ಇದ್ದಿದ್ರೆ ಇವತ್ತು ಅವಳ ಹತ್ರ ಹೊಟ್ಟೆ ತುಂಬ ಜಗಳ ಆಡ್ತಿದ್ದೆ ಕಣೇ."